ತಲೆಯ ಮೇಲಿಂದ ಕಿವಿ ಹಿಡಿದ ಹುಡುಗಿ

ಜೈಲಿಗೆ ಹೊಸದಾಗಿ ಬಂದ ಹೆಂಗಸರನ್ನು ಮಾತಾಡಿಸುವುದು ನನ್ನ ನೌಕರಿ. ಮೈ ತಪಾಸಣೆ, ಡಾಕ್ಟರ ಪರೀಕ್ಷೆ ಮುಗಿದ ಮೇಲೆ ಅವರನ್ನು ನನ್ನೆದುರು ಕೂಡಿಸುತ್ತಾರೆ. ಊರು ಯಾವುದು, ಹಿಂದೆ ಮುಂದೆ ಯಾರಿದ್ದಾರೆ, ಕೈಯಲ್ಲಿ ಏನು ಕಸುಬಿದೆ, ಜೀವಕ್ಕೆ ಏನಾದರೂ ಮಾಡಿಕೊಳ್ಳುವಷ್ಟು ನೊಂದಿದ್ದಾಳೋ ಹೇಗೆ, ಎಲ್ಲ ತಿಳಿದುಕೊಂಡು ಯಾವ ಬ್ಯಾರಕ್ಕು, ಯಾವ ಕೆಲಸ ಎಂದು ನಾನು ಹೇಳಬೇಕು. ಹೈದರಾಬಾದಿನ ಜೈಲು, ತೆಲುಗು, ಹಿಂದಿಯಲ್ಲೇ ವ್ಯವಹಾರ. ಕನ್ನಡದವಳು ಬಂದಳೆಂದರೆ ನನಗೆ ಹಬ್ಬ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಜ್ಜಿಯ ಬಾಯಿಂದ ಕಲಿತ ಕನ್ನಡ ನನ್ನದು, ಹೊರಗೆ ಅದಕ್ಕೆ ಗಿರಾಕಿ ಕಡಿಮೆ.

ಹೋದ ಆಷಾಢದಲ್ಲಿ ಬಂದವಳು ಯಾದಗಿರಿ ಕಡೆಯವಳು, ಕಟ್ಟಡದ ಕೂಲಿ. ಮೇಸ್ತ್ರಿಯ ತಲೆಗೆ ಸಲಿಕೆಯಿಂದ ಹೊಡೆದಳೆಂಬ ಆರೋಪ. ಗಂಡ ಬಿಟ್ಟುಹೋಗಿದ್ದ. ಸೆರಗು ಹಿಡಿದುಕೊಂಡು ಒಬ್ಬಳೇ ಮಗಳು, ಒಣಕಲು ಮೈಯ ಹುಡುಗಿ. ಆರು ತುಂಬದ ಮಕ್ಕಳು ತಾಯಿಯ ಜೊತೆ ಒಳಗಿರಬಹುದು. ತುಂಬಿದರೆ ಬಂಧುಗಳ ಮನೆ, ಬಂಧುಗಳಿಲ್ಲದಿದ್ದರೆ ಸರಕಾರದ ಮಕ್ಕಳ ಮನೆ. ಹುಟ್ಟಿದ ದಿನಕ್ಕೆ ದಾಖಲೆ ಇರಲಿಲ್ಲ. ಡಾಕ್ಟರು ಬಾಯಿ ತೆರೆಸಿ ನೋಡಿ, ಹಾಲುಹಲ್ಲು ಒಂದೂ ಬಿದ್ದಿಲ್ಲ, ತಾಯಿ ಹೇಳಿದಂತೆ ಐದೇ ಇರಬೇಕು ಎಂದಿದ್ದರು. ಪಕ್ಕದ ಮೇಜಿನಲ್ಲಿದ್ದ ಜೈಲರ್ ಮೇಡಂ ಕೂಡ ಒಪ್ಪಿದ್ದರು.

ಹೆಂಗಸು ಮುದುಡಿಕೊಂಡು ಕೂತಿದ್ದಳು. “ಯಾವೂರವ್ವ ನಿಂದು?” ಎಂದೆ.

ತಟ್ಟನೆ ತಲೆ ಎತ್ತಿದಳು. “ಅಯ್ಯ, ನೀವು ನಮ್ಮ ಕಡಿಯಾಕೀನ ಏನ್ರಿ ಅಕ್ಕಾರ?”

“ನಮ್ಮಜ್ಜಿ ಸುರಪುರದಾಕಿ.”

“ಛಲೋ ಆತ ಬಿಡ್ರಿ. ಇಲ್ಲಿ ತೆಲುಗಿನಾಗ ಬೈಯಾಕತ್ತಾರೋ ಕೇಳಾಕತ್ತಾರೋ, ಒಂದೂ ತಿಳೀವಲ್ದು.”

“ಬೈದದ್ದು ತಿಳೀಲಿಲ್ಲಂದ್ರ ಪುಕ್ಕಟ ಹೋತಲ್ಲ!”

ನಕ್ಕಳು. ಸೆರಗಿನ ಮರೆಯಿಂದ ಹುಡುಗಿಯೂ ಇಣುಕಿತು. ನನಗೆ ಹುರುಪು ಬಂತು. “ಈ ಬೆಕ್ಕಿನ ಮರಿ ಮಾತಾಡ್ತೈತೋ ಇಲ್ಲೋ?”

“ನಾ ಬೆಕ್ಕಲ್ಲ.”

“ಮತ್ತ ದೊಡ್ಡಾಕೀನ? ಎಲ್ಲಿ, ತಲಿ ಮ್ಯಾಲಿಂದ ಕೈ ತಂದು ಆ ಕಡಿ ಕಿವಿ ಹಿಡಿ ನೋಡೂಣು.”

ಮನೆಗೆ ಬಂದ ಮಕ್ಕಳಿಗೆಲ್ಲ ಅಜ್ಜಿ ಹೇಳುತ್ತಿದ್ದ ಮಾತು. ಯೋಚನೆಗಿಂತ ಮೊದಲು ಬಾಯಿ ಆಡಿತು. ತಾಯಿಯ ಮುಖದ ನಗು ಇಳಿದದ್ದು ಕಂಡೆ. ಯಾಕೆಂದು ಹೊಳೆಯುವಷ್ಟರಲ್ಲಿ ಹುಡುಗಿಯ ಬಲಗೈ ನೆತ್ತಿ ದಾಟಿ ಎಡಗಿವಿಯನ್ನು ಗಟ್ಟಿಯಾಗಿ ಹಿಡಿದಿತ್ತು.

“ಸಿಕ್ತು! ಅವ್ವಾ, ಸಿಕ್ತು ನೋಡ!”

ಜೈಲರ್ ಮೇಡಂ ಪೆನ್ನು ಕೆಳಗಿಟ್ಟರು. ಅವರೂ ಹಳ್ಳಿಯ ಶಾಲೆಯಲ್ಲಿ ಓದಿದವರು. “ನಿಮ್ಮ ಕಡೆಯೂ ಶಾಲೆಗೆ ಸೇರಿಸುವಾಗ ಹೀಗೇ ನೋಡುತ್ತಿದ್ದರಲ್ಲವಾ? ಕಿವಿ ಸಿಕ್ಕರೆ ಆರು ತುಂಬಿತು ಅಂತ?” ಎಂದು ತೆಲುಗಿನಲ್ಲಿ ಕೇಳಿದರು.

ಕೆಲವು ಮಕ್ಕಳ ಕೈ ಉದ್ದ ಇರುತ್ತದೆ ಮೇಡಂ, ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ನಾನು ಹೌದು ಎಂದೆ.

ಮೇಡಂ ಕೆಟ್ಟವರಲ್ಲ. ಕಿವಿಯನ್ನು ನಂಬಿ ಬರೆಯಲಿಲ್ಲ, ಆಸ್ಪತ್ರೆಗೆ ಕಳಿಸಿ ಮುಂಗೈಯ ಎಕ್ಸ್‌ರೇ ತೆಗೆಸಿದರು. ಆರು ದಾಟಿದೆ ಎಂದು ಬಂತು. ಊರಿನಲ್ಲಿ ಕರೆದುಕೊಂಡು ಹೋಗುವವರು ಯಾರೂ ಸಿಗಲಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, “ಸಾಲಿಗಿ ಹೊಂಟೀದಿ, ಅಳಬ್ಯಾಡ” ಎಂದು ತಾಯಿಯೇ ಗೇಟಿನವರೆಗೆ ಬಿಟ್ಟಳು. ತಾನೂ ಅಳಲಿಲ್ಲ.

ಜೊತೆಯವರು ನನ್ನನ್ನು ಸಮಾಧಾನ ಮಾಡಿದರು. ಜೈಲೇನು ಮಕ್ಕಳು ಬೆಳೆಯುವ ಜಾಗವೇ, ಮಕ್ಕಳ ಮನೆಯಲ್ಲಿ ಶಾಲೆಯಿದೆ, ಜೊತೆಗೆ ಮಕ್ಕಳಿದ್ದಾರೆ ಎಂದರು. ನಿಜವೇ. ನಾನೂ ಹಾಗೇ ಅಂದುಕೊಂಡು ಊಟಕ್ಕೆ ಕೂತೆ. ಎಕ್ಸ್‌ರೇಯನ್ನು ಯಾರಾದರೂ ತೆಗೆಸಬಹುದಿತ್ತು. ಆ ಮಗುವಿನ ಕೈ ಎತ್ತಿಸಿದವಳು ಮಾತ್ರ ನಾನು, ಅದೂ ಪ್ರೀತಿಯಿಂದ.

ಅವಳಿಗೆ ಕೆಲಸ ಗೊತ್ತುಮಾಡುವುದು ಬಾಕಿ ಇತ್ತು. ಮತ್ತೆ ಎದುರಿಗೆ ಕೂತಳು.

“ಹೊಲಿಗಿ ಕಲೀತೀಯೇನವ್ವ?”

“ಕುಚ್ ಬೀ ದೇವ್, ಮೇಡಂ.” ಏನಾದರೂ ಕೊಡಿ ಎಂದು; ಕೂಲಿಯ ಜಾಗದಲ್ಲಿ ಕಲಿತ ಹರಕುಮುರುಕು ಹಿಂದಿ.

“ಮಗಳನ್ನ ನಾ ಹೋಗಿ ನೋಡಿ ಬರ್ಲೇನು?”

“ಆಪ್ ಕೀ ಮರ್ಜಿ, ಮೇಡಂ.”

ಈಗ ಹೊಲಿಗೆ ಕೋಣೆಯಲ್ಲಿದ್ದಾಳೆ. ರಾಯಚೂರಿನ ಇನ್ನೊಬ್ಬಳು ಬಂದು ಜೊತೆಯಾಗಿದ್ದಾಳೆ. ವರಾಂಡದಲ್ಲಿ ಬರುವಾಗ ಅವರ ಕನ್ನಡ ಕೇಳಿಸುತ್ತದೆ, ತಮಾಷೆ, ಬೈಗುಳ ಎಲ್ಲ. ನಾನು ಬಾಗಿಲಿಗೆ ಬಂದು ನಿಂತರೆ ಮಷೀನಿನ ಸದ್ದೊಂದೇ.