ಇಪ್ಪತ್ತೊಂದು ತಲೆಗೆ ಅಕ್ಕಿ

ಬೆಳಗಿನ ಐದೂ ಮುಕ್ಕಾಲು. ಸಲಾಲಾ ಬಂದರಿನ ಸಣ್ಣ ಲಾಂಚೊಂದರಲ್ಲಿ ಈರುಳ್ಳಿ ಮೂಟೆಗಳ ನಡುವೆ ಕಾಲು ತೂರಿಸಿ ಕುಳಿತ ಭೋಜರಾಜ, ಮೂಗಿನ ತುದಿಗೆ ಕನ್ನಡಕ ಇಳಿಸಿ ಕಾಗದವೊಂದನ್ನು ಓದುತ್ತಿದ್ದಾರೆ. ಅಕ್ಕಿ ನೂರ ಎಂಬತ್ತು ಕಿಲೋ. ಮೊಟ್ಟೆ ಮೂವತ್ತು ಟ್ರೇ. ಕೋಳಿ, ಎಲೆಕೋಸು, ಹಾಲಿನ ಪುಡಿ. ಎಲ್ಲಕ್ಕಿಂತ ಮೇಲೆ ದಪ್ಪಗೆ ಇಪ್ಪತ್ತೆರಡು ಎಂಬ ಅಂಕಿ. ಅದು ಹಡಗಿನಲ್ಲಿರುವ ಜನರ ಸಂಖ್ಯೆ.

"ತಲೆ ಎಷ್ಟು ಅಂತ ಮೊದಲು ನೋಡ್ಬೇಕು ಸರ್. ಒಂದು ತಲೆಗೆ ದಿನಕ್ಕೆ ನಾನೂರು ಗ್ರಾಂ ಅಕ್ಕಿ, ಎರಡು ಮೊಟ್ಟೆ. ಇಪ್ಪತ್ತು ದಿನಕ್ಕೆ ಎಷ್ಟಾಯ್ತು ನೋಡಿ. ಮತ್ತೆಂತ ಇಲ್ಲ ಇದರಲ್ಲಿ," ಎನ್ನುತ್ತಾರೆ.

ದಡದಿಂದ ಐದು ಮೈಲಿ ಆಚೆ ಎಂಟು ಸರಕು ಹಡಗುಗಳು ಲಂಗರು ಹಾಕಿ ಕಾಯುತ್ತಿವೆ. ಯುದ್ಧನೌಕೆಗಳು ಬಂದ ಮೇಲೆ ಅವುಗಳ ಕಾವಲಿನಲ್ಲಿ ಒಂದರ ಹಿಂದೊಂದು ಕೆಂಪು ಸಮುದ್ರದ ಕಡೆ ಹೊರಡಬೇಕು. ಇಂಥ ಸಾಲಿಗೆ ಕಾನ್ವಾಯ್ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳು ಅಟ್ಲಾಂಟಿಕ್ ಸಾಗರವನ್ನು ಹೀಗೆ ದಾಟುತ್ತಿದ್ದವು ಎಂದು ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ನಮ್ಮ ಮನೆಗೆ ಬರುವ ಸೂರ್ಯಕಾಂತಿ ಎಣ್ಣೆಯೂ ಡ್ರೋನ್ ಬೀಳುವ ದಾರಿಯಲ್ಲಿ ಹೀಗೇ ಜೀವ ಕೈಯಲ್ಲಿ ಹಿಡಿದು ಬರುತ್ತದೆ ಎಂಬುದು ಈ ಲಾಂಚಿನಲ್ಲಿ ಕೂತ ಮೇಲೆ ಗೊತ್ತಾಯಿತು. ನಾಚಿಕೆಯೂ ಆಯಿತು.

ಭೋಜರಾಜ ಅವರಿಗೀಗ ಐವತ್ತೇಳು. ಊರು ಹೆಜಮಾಡಿ. ಇಪ್ಪತ್ತೇಳು ವರ್ಷದ ಹಿಂದೆ ಮಸ್ಕತ್ತಿನ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಬಂದವರು. ಮೊದಲ ಕಫೀಲ್, ಅಂದರೆ ವೀಸಾ ಕೊಡಿಸಿದ ಧಣಿ, ಎರಡು ವರ್ಷ ಪಾಸ್‌ಪೋರ್ಟ್ ಕೊಡದೆ ಸತಾಯಿಸಿದ. ಆಮೇಲೆ ಸಲಾಲಾದಲ್ಲಿ ಹಡಗುಗಳಿಗೆ ದಿನಸಿ ಒದಗಿಸುವ ಈ ಕಂಪನಿ ಸಿಕ್ಕಿತು. ಹೆಂಡತಿ ವಿನೋದಾ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳು ತೃಷಾ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ತರಗತಿ. ಅಪ್ಪ ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ಇವರ ಸೊಂಟದ ಚೀಲದಲ್ಲಿ ಒಮಾನಿನ ಸಿಮ್ ಹಾಕಿದ ಎರಡು ಹಳೆಯ ಫೋನುಗಳಿವೆ. ಲಂಗರು ಹಾಕಿದ ಹಡಗಿನವರಿಗೆ ದಡಕ್ಕೆ ಬರಲು ಪರವಾನಗಿ ಇರುವುದಿಲ್ಲ, ಮನೆಗೆ ಮಾತಾಡಬೇಕೆಂದರೆ ಎಷ್ಟೋ ಹಡಗುಗಳಲ್ಲಿ ಸರಿಯಾದ ವ್ಯವಸ್ಥೆಯೂ ಇಲ್ಲ. ಅಕ್ಕಿ ಮೂಟೆ ಕ್ರೇನಿನ ಬಲೆಯಲ್ಲಿ ಮೇಲೇರುವಾಗ ಫೋನುಗಳು ಸಣ್ಣ ಬುಟ್ಟಿಯಲ್ಲಿ ಏರುತ್ತವೆ, ಹತ್ತು ನಿಮಿಷ ಕೈಯಿಂದ ಕೈಗೆ ಓಡಾಡಿ ಬುಟ್ಟಿಯಲ್ಲೇ ಇಳಿಯುತ್ತವೆ. ಹಾಗಾಗಿ ಚಿತ್ತಗಾಂಗಿನಿಂದ ಮನಿಲಾದವರೆಗೆ ಯಾರ್ಯಾರದೋ ಮನೆಯ ನಂಬರುಗಳು ಅವುಗಳಲ್ಲಿ ಉಳಿದುಕೊಂಡಿವೆ.

ಇಷ್ಟು ಸಿಕ್ಕಾಗ, ವಾರದ ಪುರವಣಿಗೆ ಒಂದು ಚೆಂದದ ಬರಹವಾಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಲಾಂಚು ಮೊದಲ ಹಡಗಿನ ಪಕ್ಕಕ್ಕೆ ತಾಗುತ್ತದೆ. ಮೂಟೆಗಳನ್ನು ಬಲೆಗೆ ತುಂಬಿಸಬೇಕಾದ ಭೋಜರಾಜ ಅದನ್ನು ಬಿಟ್ಟು, ನೋಯುವ ಮಂಡಿಗೆ ಪಟ್ಟಿ ಬಿಗಿದು, ತೂಗಾಡುವ ಹಗ್ಗದ ಏಣಿ ಹತ್ತತೊಡಗುತ್ತಾರೆ. ಕೆಳಗೆ ಅಲೆ, ಮೇಲೆ ಮೂರಾಳೆತ್ತರದ ಕಬ್ಬಿಣದ ಗೋಡೆ. ಕಾಲು ಗಂಟೆಯ ನಂತರ ಇಳಿದು ಬಂದವರ ಕಾಗದದಲ್ಲಿ, ಇಪ್ಪತ್ತೆರಡರ ಪಕ್ಕದಲ್ಲಿ, ಅಡ್ಡಾದಿಡ್ಡಿ ಕನ್ನಡ ಅಕ್ಷರದಲ್ಲಿ ಇಪ್ಪತ್ತೆರಡು ಹೆಸರುಗಳಿವೆ.

"ಇದಕ್ಕೆ ಕಂಪನಿಯವರು ಎರಡು ಸಲ ವಾರ್ನಿಂಗ್ ಕೊಟ್ಟಿದ್ದಾರೆ, ಲೇಟ್ ಆಗ್ತದೆ ಅಂತ. ಮಗಳೂ ಬೈತಾಳೆ. 'ಪಪ್ಪಾ, ದಟ್ಸ್ ನಾಟ್ ಯುವರ್ ಜಾಬ್' ಅಂತ. ಹೌದು ಮಾರಾಯ್ರೆ, ನನ್ನ ಕೆಲಸ ಅಲ್ಲ. ಆದ್ರೂ ಹೆಸರು ಕೇಳದೆ ಇರ್ಲಿಕ್ಕೆ ಆಗುದಿಲ್ಲ ನನಗೆ."

ಯಾಕೆ ಎಂದು ಕೇಳುತ್ತೇನೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಮುಂದಿನದನ್ನು ಅವರು ಹೇಳಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಕಾನ್ವಾಯ್ ಒಂದರಲ್ಲಿ ಹೋಗಿದ್ದ ಹಡಗು ತಿರುಗಿ ಬಂತು. ದಾರಿಯಲ್ಲಿ ಡ್ರೋನ್ ಬಿದ್ದಿದೆ ಎಂಬ ಸುದ್ದಿ ಇತ್ತು, ಹೆಚ್ಚಿನದು ಯಾರಿಗೂ ತಿಳಿಯದು. ಬೆಳಗಿನ ಜಾವ ದಿನಸಿಯ ಪಟ್ಟಿ ಈಮೇಲಿನಲ್ಲಿ ಬಂದಿತ್ತು. ಅದರಲ್ಲೂ ಹೋಗುವಾಗ ಇಪ್ಪತ್ತೆರಡು ತಲೆ, ಈಗ ಇಪ್ಪತ್ತೊಂದು. ಪ್ರತಿ ಸಲ ಇರುತ್ತಿದ್ದ ಹತ್ತು ಕಿಲೋ ಕುಚ್ಚಲಕ್ಕಿ ಪಟ್ಟಿಯಲ್ಲೇ ಇಲ್ಲ.

ಆ ಹಡಗಿನಲ್ಲಿ ಕುಚ್ಚಲಕ್ಕಿ ಗಂಜಿ ಉಣ್ಣುವವರು ಒಬ್ಬರೇ, ಮೂಲ್ಕಿಯ ಫಿಟ್ಟರ್ ಲ್ಯಾನ್ಸಿ. ಅವರ ಹೆಂಡತಿ ಏಂಜೆಲಾ ಸಲಾಲಾದ ಕ್ಲಿನಿಕ್ ಒಂದರಲ್ಲಿ ನರ್ಸ್. "ನನಗೆ ಬೇರೆ ಎಂತ ಯೋಚನೆಯೂ ಬರ್ಲಿಲ್ಲ. ಕುಚ್ಚಲಕ್ಕಿ ಇಲ್ಲ ಅಂದ್ರೆ ಲ್ಯಾನ್ಸಿ ಇಲ್ಲ. ವಿನೋದಾಳಿಗೆ ಹೇಳಿದೆ, ಯಾರಿಗೂ ಹೇಳ್ಬೇಡ ಅಂತ. ಅವಳು ಒಬ್ಬರಿಗೆ ಮಾತ್ರ ಹೇಳಿದ್ದು."

ಆ ಒಬ್ಬರು ಸಾಕಾಯಿತು. ಒಂಬತ್ತು ಗಂಟೆಗೆ ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ಲ್ಯಾನ್ಸಿಯ ಫೋಟೋ, ಕೆಳಗೆ ಮೇಣದ ಬತ್ತಿ. ಏಂಜೆಲಾ ಅದನ್ನು ನೋಡಿದ್ದು ರೋಗಿಯ ತೋಳಿಗೆ ಸೂಜಿ ಚುಚ್ಚುವ ಹೊತ್ತಿನಲ್ಲಿ.

ಹತ್ತಕ್ಕೆ ಭೋಜರಾಜರ ಲಾಂಚು ಹಡಗಿನ ಬಳಿ ಹೋದಾಗ ಲ್ಯಾನ್ಸಿ ಕಟಕಟೆಗೆ ಒರಗಿ ನಿಂತಿದ್ದರು! "ನಾನು ಕಿರುಚಿದೆ ಸರ್. ಅಳುದೋ ನಗುದೋ ಗೊತ್ತಾಗ್ಲಿಲ್ಲ. ಬುಟ್ಟಿಯಲ್ಲಿ ಫೋನ್ ಮೇಲೆ ಕಳಿಸಿ, 'ಮೊದಲು ನಿನ್ನ ಹೆಂಡತಿಗೆ ಮಾತಾಡು ಮಾರಾಯಾ' ಅಂತ ಬೊಬ್ಬೆ ಹಾಕಿದೆ." ಆ ದಿನ ಗುಂಪಿನಲ್ಲಿ ಹಬ್ಬ. ವಿನೋದಾ ಪಾಯಸ ಮಾಡಿ ಏಂಜೆಲಾರ ಮನೆಗೆ ಕೊಟ್ಟು ಬಂದರು.

ನಾನೂ ನಗುತ್ತಿದ್ದೆ. ಭೋಜರಾಜ ನಗುತ್ತಿರಲಿಲ್ಲ.

"ನೀವು ಕೂಡ ಕೇಳ್ಲಿಲ್ಲ ನೋಡಿ," ಎನ್ನುತ್ತಾರೆ. "ಪಟ್ಟಿಯಲ್ಲಿ ಇಪ್ಪತ್ತೊಂದೇ ಇತ್ತಲ್ಲ ಸರ್."

ನನ್ನ ನಗು ಅಲ್ಲೇ ನಿಂತಿತು. ಎರಡು ನಿಮಿಷದ ಹಿಂದೆ ನಾನೇ ಬರೆದುಕೊಂಡ ಅಂಕಿ ನನ್ನ ಪುಸ್ತಕದಲ್ಲೇ ಇದೆ, ನಾನೂ ಅದನ್ನು ದಾಟಿ ಹೋಗಿದ್ದೇನೆ.

ಸತ್ತದ್ದು ಒಬ್ಬರು, ಹಡಗಿನ ಅಡಿಗೆಯವರು. ಡ್ರೋನ್ ಬಿದ್ದದ್ದು ಅಡಿಗೆಮನೆಯ ಮಗ್ಗುಲಿಗೆ. ಒಬ್ಬ ಲ್ಯಾನ್ಸಿಗಾಗಿ ಬೆಳಿಗ್ಗೆ ಬೇಗ ಎದ್ದು ಗಂಟೆಗಟ್ಟಲೆ ಕುಚ್ಚಲಕ್ಕಿ ಬೇಯಿಸುತ್ತಿದ್ದವರು ಅವರೇ. ಬದಲಿಗೆ ಒಲೆ ಮುಂದೆ ನಿಂತ ಖಲಾಸಿಗೆ ಆ ಅಕ್ಕಿ ಬೇಯಿಸಲು ಬಾರದು, ಹಾಗಾಗಿ ತರಿಸಲಿಲ್ಲ. ಹಡಗಿನ ಕಂಪನಿ ಅವರ ಮನೆಯವರಿಗೆ ತಿಳಿಸುವ ತನಕ ಯಾರೂ ಬಾಯಿ ಬಿಡಬಾರದೆಂದು ಕ್ಯಾಪ್ಟನ್ ಕಟ್ಟಪ್ಪಣೆ ಮಾಡಿದ್ದ. ಅವನು ಪಕ್ಕದಲ್ಲೇ ನಿಂತಿದ್ದರಿಂದ ಲ್ಯಾನ್ಸಿಯೂ ಹೇಳಲಿಲ್ಲ.

"ಮೂರು ವರ್ಷ ನನ್ನ ಪಟ್ಟಿಗೆ ಸೈನ್ ಹಾಕಿದವರು. ನಾನು ಕುಕ್, ಕುಕ್ ಅಂತಲೇ ಕರೆದದ್ದು. ಫೋನಿನಲ್ಲಿ ಅವರ ಹೆಂಡತಿಯ ನಂಬರು 'ಕುಕ್ ಮನೆ' ಅಂತ ಸೇವ್ ಮಾಡಿದ್ದೆ. ಆ ದಿನ ನಾವು ತಿರುಗಿ ಬರುವಾಗ ಆ ನಂಬರಿನಿಂದ ಕಾಲ್ ಬಂತು. ಚಿತ್ತಗಾಂಗಿನಿಂದ. ಹಿಂದಿಯಲ್ಲಿ ಮಾತಾಡ್ತಾರೆ. ಜಹಾಜು ಬಂತಾ ಭಾಯ್, ಅವರು ಫೋನ್ ಮಾಡ್ಲಿಲ್ಲ ಅಂದ್ರು. ನಾನು ಖುಷಿಯಲ್ಲಿದ್ದೆ ಅಲ್ವಾ? ಬಂತು ಬೆಹನ್, ಎಲ್ಲ ಸೌಖ್ಯ, ಅಡಿಗೆಯಲ್ಲಿ ಬ್ಯುಸಿ ಇರ್ಬೇಕು ಅಂದೆ. ಅವರು ದೇವರಿಗೆ ಶುಕ್ರಿಯಾ ಹೇಳಿದ್ದು ನನಗೆ ಕೇಳಿತು."

ಹತ್ತು ವರ್ಷದಿಂದ ಜನರ ಕಥೆ ಬರೆಯುತ್ತಿದ್ದೇನೆ, ಮಾತಿನ ನಡುವೆ ಪುಸ್ತಕ ಮುಚ್ಚಿಟ್ಟದ್ದು ಇದೇ ಮೊದಲು.

ಎರಡು ದಿನದ ನಂತರ ಹಡಗು ದುರಸ್ತಿಗೆಂದು ಬಂದರಿನ ಧಕ್ಕೆಗೆ ಬಂತು. ಕೆಳಗಿಳಿದ ಲ್ಯಾನ್ಸಿ ನಡೆದದ್ದನ್ನು ಹೇಳಿದರು. ಭೋಜರಾಜ ಆಗ ಮೊದಲ ಸಲ ಹೆಸರು ಕೇಳಿದರು: ನೂರುಲ್ ಅಬ್ಸಾರ್. ಹೆಂಡತಿ ರೊಕೇಯಾ. ಕಂಪನಿ ಇನ್ನೂ ಆಕೆಗೆ ಏನನ್ನೂ ತಿಳಿಸಿರಲಿಲ್ಲ.

"ಹೇಳುದು ನನ್ನ ಕೆಲಸ ಅಲ್ಲ ಅಂತ ಎಲ್ಲರೂ ಹೇಳಿದ್ರು. ಸುಳ್ಳು ಹೇಳಿದ್ದು ನಾನಲ್ವಾ? ಧಕ್ಕೆಯಲ್ಲಿ ನಿಂತೇ ಫೋನ್ ಮಾಡಿದೆ. ಹೇಳಿದೆ. ಅವರು ಕೇಳಿದ್ರು, 'ಭಾಯ್, ಮೊನ್ನೆ ನೀವು ಹೇಳಿದ್ದೇ ನಿಜ ಅಂತ ಹೇಳಿ. ಇವತ್ತಿನದ್ದು ಸುಳ್ಳು ಅಂತ ಹೇಳಿ.'"

ಎರಡನೆಯ ಹಡಗು ಹತ್ತಿರವಾಗುತ್ತಿದೆ. ಭೋಜರಾಜ ಮಂಡಿಯ ಪಟ್ಟಿಯನ್ನು ಮತ್ತೆ ಬಿಗಿಯುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು, ಪುರವಣಿಯ ಪದ್ಧತಿಯಂತೆ, ಕೇಳಿಬಿಡುತ್ತೇನೆ. ಕೇಳಿದ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ಅವರು ಗಂಭೀರವಾಗಿ ಯೋಚಿಸಿ ಉತ್ತರ ಕೊಡುತ್ತಾರೆ.

"ಆ ಹೆಂಗಸು ನನಗೆ ಒಮ್ಮೆ ಸರಿಯಾಗಿ ಬೈಬೇಕು. ಅಷ್ಟೇ. ಈದ್‌ಗೆ ಫೋನ್ ಮಾಡ್ತೇನೆ, ಬೈತಾರೋ ಅಂತ ಕಾಯ್ತೇನೆ. ಬೈಯುದೇ ಇಲ್ಲ. ನಿಮ್ಮ ಮನೆಯಲ್ಲಿ ಎಲ್ಲ ಹೇಗಿದ್ದಾರೆ ಭಾಯ್ ಅಂತ ಕೇಳ್ತಾರೆ. ಸೌಖ್ಯ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ನನಗೆ."