ಪರಸಪ್ಪನ ನಾಯಿಗೆ ಹಾವು ಕಚ್ಚಿದ ಭಾನುವಾರ

ಸುಟ್ಟ ಮೋಟಾರುಗಳಿಗೆ ಮರುಜನ್ಮ ಕೊಡುವುದು ಪರಸಪ್ಪನ ಉದ್ಯೋಗ. ಹುಟ್ಟೂರು ನಿಡೋಣಿ. ಮೀಸೆ ಮೂಡುವ ವಯಸ್ಸಿಗೆ ವಿಜಯಪುರಕ್ಕೆ ಬಂದು, ಸೊಲ್ಲಾಪುರ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತ. ಈಗ ಅದೇ ರಸ್ತೆಯಲ್ಲಿ ಅವನದೇ ಅಂಗಡಿ. ಡಾಕ್ಟರರು ಎದೆಬಡಿತ ಕೇಳುವ ಹಾಗೆ ಮೋಟಾರಿನ ಮೈಗೆ ಕಿವಿ ಹಚ್ಚಿ ಕೂರುತ್ತಾನೆ. ಅವನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ನಮೂನೆ: ಸುಟ್ಟದ್ದು ಮತ್ತು ಇನ್ನೂ ಸುಡದೆ ಉಳಿದದ್ದು. ಮನುಷ್ಯರನ್ನೂ ಹಾಗೇ ವಿಂಗಡಿಸುತ್ತಾನೆ. ನನ್ನನ್ನು ಎರಡನೆಯ ಗುಂಪಿಗೆ ಸೇರಿಸಿದಾಗ ನಾನು ಹಿಗ್ಗಿದ್ದೆ. “ನಿಮ್ಮೊಳಗ ಕರೆಂಟೇ ಹೋಗಿಲ್ಲ ಲೇಖಕ್ರ, ಸುಡೂದು ಎಲ್ಲಿಂದ?” ಎಂದು ಆಮೇಲೆ ಬಿಡಿಸಿ ಹೇಳಿದ.

ವಿಜಯಪುರದಲ್ಲೇ ರೈಲು ಹಳಿಯ ಬದಿಯ ಇಬ್ರಾಹಿಂಪುರದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಮಗಳು ಲಗ್ನವಾಗಿ ತಿಕೋಟಾಕ್ಕೆ ಹೋದ ಮೇಲೆ ಪರಸಪ್ಪನಿಗೆ ಮನೆ ಖಾಲಿ ಎನಿಸತೊಡಗಿತ್ತು. ಒಂದು ಸಂಜೆ ಅಂಗಿಯೊಳಗೆ ಏನೋ ಮುಚ್ಚಿಟ್ಟುಕೊಂಡು ಬಂದ. ಶೇಂಗಾಕಾಳಿನ ಬಣ್ಣದ ನಾಯಿಮರಿ. ಹೆಸರು ಶೇಂಗ್ಯಾ ಎಂದಾಯಿತು. ಹೆಂಡತಿ ಸತ್ಯವ್ವ, “ಇದು ಮನ್ಯಾಗಿದ್ರ ನಾ ಇರಂಗಿಲ್ಲ” ಎಂದಳು. ಆಕೆ ಇದ್ದಾಳೆ, ಅದೂ ಇದೆ. ಅದಕ್ಕೆ ನೆಗಡಿಯಾದರೆ ಈಗ ಆಕೆಯೇ ಮೊದಲು ಸೀನುತ್ತಾಳೆ. ಇನ್ನು ಪರಸಪ್ಪ, ತಾನು ಏನೇ ತಿಂದರೂ ಮೊದಲ ತುತ್ತು ಶೇಂಗ್ಯಾನ ಬಾಯಿಗೆ ಹಾಕದೆ ತಿಂದವನಲ್ಲ.

ಮೊದಲ ಮಳೆಯಾದ ಮರುದಿನ, ಭಾನುವಾರ. ಸತ್ಯವ್ವನ ಅಣ್ಣ ಗೊಲ್ಲಾಳಪ್ಪ ನಿಡೋಣಿಯಿಂದ ತನ್ನ ಬಾವಿಯ ಮೋಟಾರನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ. ಕುರಿ ಸಾಕಿದ ಮನುಷ್ಯ. ನಾಲ್ಕು ಕಾಲಿನ ಯಾವ ಪ್ರಾಣಿಯ ವಿಷಯಕ್ಕೂ ಆ ಮನೆಯಲ್ಲಿ ಅವನ ಮಾತೇ ಕಡೆಯದು. ಪರಸಪ್ಪನೂ ಅವನೂ ಚಹಾ ಕುಡಿಯುತ್ತಿದ್ದಾಗ ಬಚ್ಚಲ ಕಡೆಯಿಂದ ಸತ್ಯವ್ವನ ಕೂಗು ಎದ್ದಿತು.

“ಯಪ್ಪಾ! ಲಗೂ ಬರ್ರಿ! ಹಾವು! ನಮ್ಮ ಶೇಂಗ್ಯಾಗ ಹಾವು ಕಡದೈತಿ!”

ನಾನು ಹಾವು ಕಂಡರೆ ಹೆದರುವವನಲ್ಲ. ಕಾಣುವ ಮೊದಲೇ ಹೆದರಿ ಮುಗಿಸಿರುತ್ತೇನೆ. ಗೋಡೆಯ ಈಚೆಯಿಂದಲೇ “ಹೋತೇನ್ರಿ?” ಎಂದು ಕೇಳಿದೆ. ಹೋಯಿತು ಎಂದು ಖಾತ್ರಿಯಾದ ಮೇಲೆ ಧೈರ್ಯವಾಗಿ ಓಡಿದೆ.

ಬಚ್ಚಲ ನೀರು ಹರಿಯುವ ಜಾಗದಲ್ಲಿ ಬೆರಳು ದಪ್ಪದ ಹಾವೊಂದು ಕಪ್ಪೆ ಹಿಡಿಯುತ್ತಿತ್ತಂತೆ. ಮೈಯುದ್ದಕ್ಕೂ ಎರಡು ಹಳದಿ ಗೆರೆ. ಶೇಂಗ್ಯಾ ಹೋಗಿ ಬಾಲ ಹಿಡಿದು ಎಳೆದಿತ್ತು. ಊಟದ ನಡುವೆ ಬಾಲ ಎಳೆದರೆ ಯಾರು ಸುಮ್ಮನಿರುತ್ತಾರೆ? ಹಾವು ತಿರುಗಿ ನಾಯಿಯ ಮೂಗಿಗೆ ಕಚ್ಚಿ ಕಲ್ಲುಸಂದಿಯಲ್ಲಿ ಮಾಯವಾಗಿತ್ತು. ಮೂಗಿನ ಮೇಲೆ ಒಂದು ಹನಿ ರಕ್ತ. ಪರಸಪ್ಪ ಅದನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

“ಗಡಬಡ ಮಾಡಬ್ಯಾಡ್ರಿ,” ಎಂದ ಗೊಲ್ಲಾಳಪ್ಪ. “ಸತ್ಯವ್ವಾ, ಒಂದ್ ಹಸಿಮೆಣಸಿನಕಾಯಿ ತಾ. ತಿನಸೂನು. ಖಾರ ಹತ್ತಿತಂದ್ರ ವಿಷ ಇಲ್ಲ. ಹತ್ತಲಿಲ್ಲ ಅಂದ್ರ…” ಮುಂದಿನದನ್ನು ಕೈಯಿಂದ ಆಕಾಶ ತೋರಿಸಿ ಹೇಳಿದ.

ನಮ್ಮ ಕಡೆ ಹಾವು ಕಚ್ಚಿದ ಮನುಷ್ಯರಿಗೆ ಹಿಂದಿನಿಂದ ಮಾಡುತ್ತ ಬಂದ ಪರೀಕ್ಷೆ ಇದು. ನಾಯಿಗೆ ಮಾಡಿದವರನ್ನು ನಾನು ನೋಡಿರಲಿಲ್ಲ. ಸತ್ಯವ್ವ ಮೆಣಸಿನಕಾಯಿ ತಂದಳು. ಶೇಂಗ್ಯಾ ಮೂಸಲೂ ಇಲ್ಲ. ಕರಕರ ಅಗಿದು ನುಂಗಿ, ಬಾಲ ಆಡಿಸಿ, ಇನ್ನೊಂದಕ್ಕೆ ಆಕೆಯ ಕೈ ನೋಡಿತು.

“ವಿಷ ಏರೇತಿ,” ಎಂದ ಗೊಲ್ಲಾಳಪ್ಪ.

“ಬೇವಿನ ತಪ್ಪಲಾ ಹಾಕಿ ನೋಡು ಅಣ್ಣಾ!” ಎಂದಳು ಸತ್ಯವ್ವ. ಬೇವಿನೆಲೆ ಬಾಯಿಗಿಟ್ಟ ಕೂಡಲೇ ಶೇಂಗ್ಯಾ ಥೂ ಎಂದು ಉಗುಳಿತು. ಕಹಿ ಗೊತ್ತಾಗಿದೆ, ಖಾರ ಗೊತ್ತಾಗಿಲ್ಲ! ಗೊಲ್ಲಾಳಪ್ಪ ಗಡ್ಡ ಕೆರೆದುಕೊಂಡ.

“ಅರ್ಧಾ ಏರೇತಿ.”

ಪರಸಪ್ಪ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೇಳಿದ: “ಮೆಣಸಿನಕಾಯಿನ ಸಪ್ಪಗಿದ್ರ? ಯಾರರೆ ತಿಂದು ನೋಡ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಬರೆಯುವವರಿಗೆ ಸಮಾಜದ ಋಣ ಇರುತ್ತದೆಂದು ಯಾವುದೋ ಸಭೆಯಲ್ಲಿ ನಾನೇ ಭಾಷಣ ಮಾಡಿದ್ದೆ. ಕಚ್ಚಿದೆ. ಕಿವಿಯಲ್ಲಿ ರೈಲು ಕೂಗಿತು; ಅದು ನಿಜವಾದ ರೈಲೋ ನನ್ನೊಳಗಿನದೋ ಈಗಲೂ ತಿಳಿಯದು. ನನ್ನ ಕಣ್ಣೀರು ನೋಡಿ ಸತ್ಯವ್ವ ಎದೆ ಬಡಿದುಕೊಂಡಳು: “ಅಯ್ಯೋ, ಖಾರ ಐತಿ! ಖಾರ ಐತೋ ನಮ್ಮಪ್ಪಾ!” ಆಕೆ ಅತ್ತದ್ದು ನನಗಾಗಿಯಂತೂ ಅಲ್ಲ.

ಟಂಟಂನಿಂದ ಮೋಟಾರು ಇಳಿಸಿ ನಾಯಿಯನ್ನು ಏರಿಸಿದೆವು. ಗೊಲ್ಲಾಳಪ್ಪ ಓಡಿಸಿದ. ಪರಸಪ್ಪನ ತೊಡೆಯ ಮೇಲೆ ನಿಂತ ಶೇಂಗ್ಯಾ ತಲೆ ಹೊರಗೆ ಹಾಕಿ, ದಾರಿಯಲ್ಲಿ ಸಿಕ್ಕ ಎಮ್ಮೆ, ಬಸ್ಸು, ಬೈಕುಗಳಿಗೆಲ್ಲ ಹುರುಪಿನಿಂದ ಬೊಗಳಿತು.

“ನೋಡ್ರಿ,” ಎಂದು ಪರಸಪ್ಪ ಬಿಕ್ಕಿದ, “ಎಲ್ಲಾರ್ನೂ ಕಡೀ ಸಲ ಮಾತಾಡಸಾಕತ್ತಾನ.”

ದನದ ದವಾಖಾನೆಯ ಬಾಗಿಲಿಗೆ ಬಂದ ಡಾಕ್ಟರ್ ವಿದ್ಯಾವತಿ ನಮ್ಮನ್ನು ನೋಡಿದರು. ನಾಯಿ ಕುಣಿಯುತ್ತಿತ್ತು, ನಾನು ಕೆಂಪು ಮೋರೆಯಲ್ಲಿ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದೆ.

“ಕಡದದ್ದು ಯಾರಿಗ್ರಿ? ಇವ್ರಿಗೇನು?”

ಸತ್ಯವ್ವ ಹಾವಿನ ಗೆರೆ, ಕಪ್ಪೆ, ಬಚ್ಚಲು ಎಲ್ಲ ಹೇಳಿದಳು. “ಹೇಳಿದ್ದು ನೋಡಿದ್ರ ವಿಷ ಇಲ್ಲದ್ದು ಅನಸ್ತೈತಿ,” ಎಂದರು ಡಾಕ್ಟರ್. “ಆದ್ರ ಬರೇ ಮಾತು ಕೇಳಿ ನಾ ಕಳಸಂಗಿಲ್ಲ. ಮೂಗಿಗೆ ಬಾವು ಬರ್ತೈತೇನು, ಉಸಿರು ಹೆಂಗೈತಿ, ಸಂಜೀತನಾ ನೋಡೂನು.”

ಪರಸಪ್ಪ ಕೈಮುಗಿದ. “ಎಂಥಾ ಸುಟ್ಟ ಮೋಟಾರ್ ತಂದ್ರೂ ನಾ ಚಾಲೂ ಮಾಡಿ ಕೊಟ್ಟೇನ್ರಿ ಡಾಕ್ಟರ್ ಬಾಯಾರ. ಇವನ ವೈಂಡಿಂಗ್ ಒಂದು ನನಗ ತಿಳ್ಯಂಗಿಲ್ಲ.”

ಪರಸಪ್ಪ ನೀರೂ ಮುಟ್ಟಲಿಲ್ಲ. ಆಗಾಗ ಬಗ್ಗಿ ನಾಯಿಯ ಹೊಟ್ಟೆಗೆ ಕಿವಿ ಹಚ್ಚುತ್ತಿದ್ದ. ಒಮ್ಮೆ “ಬೇರಿಂಗ್ ಸಪ್ಪಳಾ ಸರಿ ಐತಿ” ಎಂದು ತನಗೆ ತಾನೇ ಹೇಳಿಕೊಂಡ.

ಮಧ್ಯಾಹ್ನ ದಾಟಿದಾಗ ಹಸಿವು ತಾಳದೆ ಗೊಲ್ಲಾಳಪ್ಪ ಮಿರ್ಚಿಭಜಿ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚಿದ್ದೇ ತಡ, ಮಲಗಿದ್ದ ಶೇಂಗ್ಯಾ ಹಾರಿ ಬಂದು ಒಂದು ಮಿರ್ಚಿಯನ್ನು ತೊಟ್ಟಿನ ಸಮೇತ ನುಂಗಿತು.

ಡಾಕ್ಟರ್ ಕಣ್ಣು ಕಿರಿದು ಮಾಡಿದರು. “ಇವಗ ಇದು ರೂಢಿ ಐತೇನು?”

“ಸಣ್ಣಾಂವಿದ್ದಾಗಿಂದ್ರಿ,” ಎಂದ ಪರಸಪ್ಪ. “ನಾ ಮಿರ್ಚಿ ತಿಂದ್ರ ಅವಗೂ ಮಿರ್ಚಿ. ರಂಜಕಾ ಖಾರ ಹಚ್ಚಿ ರೊಟ್ಟಿ ತಿಂದ್ರ ಅವಗೂ…” ಹೇಳುತ್ತ ಹೇಳುತ್ತ ಅವನ ಬಾಯಿ ತೆರೆದೇ ಉಳಿಯಿತು.

ಸತ್ಯವ್ವ ಅಣ್ಣನತ್ತ ತಿರುಗಿದಳು. “ಏರೇತಿ, ಅರ್ಧಾ ಏರೇತಿ ಅಂದ್ಯಲ್ಲೋ ಅಣ್ಣಾ! ನನ್ನ ಜೀವಾ ಪೂರಾ ಇಳಿದಿತ್ತು!”

ಗೊಲ್ಲಾಳಪ್ಪ ಸೋಲಲಿಲ್ಲ. “ಪರೀಕ್ಷಾ ಖರೇನ ಐತಿ. ನಿಮ್ಮ ನಾಯಿನ ಕೆಟ್ಟೈತಿ.”

“ಆ ಪರೀಕ್ಷಾ ಮನಷ್ಯಾರಿಗೂ ಸುಳ್ಳ,” ಎಂದರು ಡಾಕ್ಟರ್. “ಹಾವು ಕಡದ್ರ ಸೀದಾ ದವಾಖಾನಿಗೆ ಬರ್ರಿ. ಇವಗ ಹಾವಿನಕಿಂತ ನಿಮ್ಮ ಅಡಿಗೀದ ಅಪಾಯ ಹೆಚ್ಚೈತಿ. ಅಲ್ರಿ, ಆ ಹಾವಿಗೆ ಏನಾತಂತ ಒಬ್ಬರರ ನೋಡೀರೇನು? ಮೊದಲ ಇವನ ಖಾರದ ಹಲ್ಲಿಗೆ ಸಿಕ್ಕಿದ್ದು ಅದ ಅಲ್ಲೇನು?”

ನಮಗೆ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಮತ್ತೊಮ್ಮೆ ಮೂಗು, ಒಸಡು, ಉಸಿರು ನೋಡಿದ ಡಾಕ್ಟರ್ “ಏನೂ ಆಗಿಲ್ಲ, ಕರ್ಕೊಂಡ್ ಹೋಗ್ರಿ” ಎಂದರು. ಪರಸಪ್ಪ ನಾಯಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ರಸ್ತೆಗಿಳಿದ. ಚೆನ್ನಾಗಿ ಬೆಳೆದ, ತೂಕದ ನಾಯಿ.

“ಏ, ನಡೀತಾನಲ್ಲೋ ಅವ, ಇಳಸು!” ಎಂದ ಗೊಲ್ಲಾಳಪ್ಪ.

“ಇಳಸಂಗಿಲ್ಲ.”

“ಟಂಟಂನಾಗ ಬಾ!”

“ಕುಲಕತೈತಿ.”

ಹಾಗೆ ಸೊಲ್ಲಾಪುರ ರಸ್ತೆಯಲ್ಲಿ ಪರಸಪ್ಪ ಮುಂದೆ, ಅವನ ಬೆನ್ನಿಗೇ ಟಂಟಂನಲ್ಲಿ ನಾವು ಮೂವರು, ನಮ್ಮ ಹಿಂದೆ ಹಾರ್ನ್ ಹೊಡೆಯುವ ಅರ್ಧ ವಿಜಯಪುರ. ಬೀದಿನಾಯಿಗಳು ಸಾಲಾಗಿ ನಿಂತು ನೋಡುತ್ತಿದ್ದವು. ಶೇಂಗ್ಯಾ ಪರಿಚಯವೇ ಇಲ್ಲದವನ ಹಾಗೆ ಮೋರೆಯನ್ನು ಯಜಮಾನನ ಕುತ್ತಿಗೆಯಲ್ಲಿ ಹುದುಗಿಸಿಕೊಂಡಿತು. ಪರಸಪ್ಪನ ಹೆಗಲು ಅಳುವಿಗೋ ಭಾರಕ್ಕೋ ನಡುಗುತ್ತಿತ್ತು. ಮನೆ ಮುಟ್ಟುವ ತನಕ ಅವನು ಹೆಗಲು ಮಾತ್ರ ಬದಲಿಸಲಿಲ್ಲ.