ಗೋಡೆಗೆ ಮುಖ ಮಾಡಿ ನಿಲ್ಲುವ ಅಕ್ಕ

ಇವತ್ತು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿದೆ ಎಂದರೆ, ಬೀದಿಯ ಆಚೆ ಬದಿಯ ಮನೆಗಳು ಇನ್ನೂ ಹುಟ್ಟಿಯೇ ಇಲ್ಲವೇನೋ ಅನ್ನಿಸುತ್ತದೆ. ಗಾಳಿಯಿಲ್ಲ. ತಂತಿಯ ಮೇಲಿಂದ ಹನಿ ಜಾರಿ ಬೀಳುವ ಸದ್ದೊಂದೇ. ಆರು ಗಂಟೆಗೆ ಇನ್ನೂ ಹತ್ತು ನಿಮಿಷ. ಆ ಬಿಳುಪಿನೊಳಗಿಂದ ಮೊದಲು ಒಂದು ಮಡಚುವ ಸ್ಟೂಲು ಕಾಣಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಹೆಗಲಿಗೆ ನೇತುಹಾಕಿಕೊಂಡ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಮೊಣಕೈವರೆಗೆ ಮಡಚಿದ ಬೂದು ಸ್ವೆಟರು, ಜಿಪ್ ಕೆಟ್ಟು ದಾರ ಬಿಗಿದ ಚೀಲ.

ಮನೆಮನೆಗೆ ಹೋಗಿ, ಹೊರಗಿನವರು ನೆಟ್ಟಿಗೆ ನುಗ್ಗದ ಹಾಗೆ, ವೈಫೈ ಪೆಟ್ಟಿಗೆಗೆ ಪಾಸ್‌ವರ್ಡಿನ ಬೀಗ ಹಾಕಿಕೊಡುವುದು ಇವರ ಕೆಲಸ. ಬೀಗ ಬದಲಾಯಿಸಿದ ಗಳಿಗೆಯಲ್ಲಿ ಮನೆಯ ಫೋನು, ಟಿವಿ, ಕಂಪ್ಯೂಟರುಗಳೆಲ್ಲ ನೆಟ್ಟಿನಿಂದ ಹೊರಗೆ ಬೀಳುತ್ತವೆ. ಅದಕ್ಕೇ ಇಷ್ಟು ಮುಂಚೆ. "ಎಲ್ಲರೂ ಎದ್ದ ಮೇಲೆ ಬಂದ್ರೆ ನನ್ನನ್ನೇ ಹೊರಗೆ ಹಾಕ್ತಾರೆ" ಎನ್ನುತ್ತಾರೆ.

ಮೊದಲ ಮನೆ ಮೂರನೇ ಮಹಡಿಯಲ್ಲಿದೆ. ಮನೆಯೊಡತಿ ಕಣ್ಣುಜ್ಜುತ್ತಾ ಬಾಗಿಲು ತೆಗೆಯುತ್ತಾರೆ. "ಅಲ್ಲಮ್ಮಾ, ನಮ್ಮನೇಲಿ ಕದಿಯೋಕೆ ಏನಿದೆ ಅಂತ ಬೀಗ?"

"ನಿಮ್ಮನೇಲಿ ಕದಿಯೋಕೆ ಬರಲ್ಲ ಕಣ್ರೀ. ನಿಮ್ಮ ನೆಟ್ಟಿಂದ, ನಿಮ್ಮ ಹೆಸರಲ್ಲಿ ಬೇರೆಯವರ ಮನೆ ಕದಿಯೋಕೆ ಬರ್ತಾರೆ."

ಚೀಲದಿಂದ ತೆಗೆದ ಲ್ಯಾಪ್‌ಟಾಪಿನ ಪರದೆಯ ಮೇಲೆ ನಾಲ್ಕೈದು ಬಗೆಯ ಬೀಗಗಳ ಹೆಸರು ಸಾಲಾಗಿ ನಿಂತಿವೆ. ಅಕ್ಕ ಬೆರಳಿಟ್ಟು ಹೇಳಿಕೊಡುತ್ತಾರೆ. "ಇದು ಬಾಗಿಲೇ ಇಲ್ಲದ ಮನೆ, ಬೇಡ. ಇದು ಓಬೀರಾಯನ ಕಾಲದ್ದು, ಎಳೆದ್ರೆ ಕೈಗೇ ಬರುತ್ತೆ. ಕೊನೇದು ಗಟ್ಟಿ. ನಿಮ್ಮ ಹಳೇ ಟಿವಿ ಅದಕ್ಕೆ ಒಗ್ಗದಿದ್ರೆ ಮಾತ್ರ ಅದರ ಹಿಂದಿನದು. ಬಂದುಹೋಗೋರಿಗೆ ಬೇರೆ ಹೆಸರಲ್ಲಿ ಇನ್ನೊಂದು ವೈಫೈ, ಜಗಲಿ ಥರ, ಮಾಡ್ಕೊಡ್ತೀನಿ, ಒಳಮನೆಗೆ ಬರೋದು ಬೇಡ. ಇನ್ನು ನಿಮ್ಮ ಪಾಸ್‌ವರ್ಡ್, ನೀವೇ ಒತ್ತಿ. ಉದ್ದಕ್ಕಿರಲಿ."

ಇಷ್ಟು ಹೇಳಿ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ, ಕೈಕಟ್ಟಿ ನಿಂತುಬಿಡುತ್ತಾರೆ. ಪ್ರಾರ್ಥನೆಗೆ ನಿಂತವರ ಹಾಗೆ. ಹಿಂದಿನಿಂದ "ಆಯ್ತು" ಎನ್ನುವವರೆಗೆ ತಿರುಗುವುದಿಲ್ಲ. ಈ ಬೀದಿಗಳಲ್ಲಿ ಇವರ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ಇವರು ಗೋಡೆಯಕ್ಕ.

ಕೆಲಸ ಹಿಡಿದ ಮೊದಲ ವರ್ಷಗಳಲ್ಲಿ ಹೀಗಿರಲಿಲ್ಲ. ಜನ ಹೇಳಿದ ಪಾಸ್‌ವರ್ಡನ್ನು ಅಕ್ಕ ತಾವೇ ಒತ್ತಿಕೊಡುತ್ತಿದ್ದರು. ಒಂದು ಮನೆಯ ನೆಟ್ಟನ್ನು ಯಾರೋ ಕದ್ದು ಬಳಸಿದಾಗ ಆ ಮನೆಯವರು ಇವರ ಕಡೆ ಬೆರಳು ತೋರಿಸಿದರು. "ನಂಗೆ ಗೊತ್ತಿಲ್ಲ ಅನ್ನೋಕೆ ಆಗಲಿಲ್ಲ. ಗೊತ್ತಿತ್ತಲ್ಲ!" ಕದ್ದವರು ಪಕ್ಕದ ಮನೆಯವರೇ ಎಂದು ತಿಳಿಯುವವರೆಗೆ ಒಂದು ವರ್ಷ ಯಾರೂ ಕರೆಯಲಿಲ್ಲ. ಆ ವರ್ಷವೇ ಇವರಿಗೆ ತಂದೆ ನೆನಪಾದದ್ದು. ತಂದೆ ಬೀದಿ ಬದಿಯಲ್ಲಿ ಕೂತು ಬೀಗದಕೈ ಮಾಡುತ್ತಿದ್ದವರು. ಕೀಲಿಯ ಅಚ್ಚನ್ನು ಸಾಬೂನಿನಲ್ಲಿ ತೆಗೆದು, ಕೆಲಸ ಮುಗಿದೊಡನೆ ಗಿರಾಕಿಯ ಎದುರಿಗೇ ಆ ಸಾಬೂನಿನಲ್ಲಿ ಕೈ ತೊಳೆದು ಅಚ್ಚನ್ನು ಅಳಿಸಿಬಿಡುತ್ತಿದ್ದರು. "ಅಪ್ಪನ ಕೈ ಯಾವಾಗಲೂ ಘಮ್ ಅಂತಿತ್ತು" ಎಂದು ಮಗಳು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ.

ದಿನಕ್ಕೆ ಮೂರು ಮನೆ, ಕೆಲವೊಮ್ಮೆ ನಾಲ್ಕು. ಹತ್ತಿ ಇಳಿಯುವ ಮೆಟ್ಟಿಲು ಆರುನೂರರ ಆಸುಪಾಸು. ಒಂದು ಮನೆಗೆ ಮುಕ್ಕಾಲು ಗಂಟೆ, ಅದರಲ್ಲಿ ಗೋಡೆಯ ಪಾಲು ಎರಡೋ ಮೂರೋ ನಿಮಿಷ. ಹದಿನೇಳು ವರ್ಷದಿಂದ ಹಾಗೆ ನಿಂತು ನಿಂತು ಇವರಿಗೆ ಜನರ ಮುಖಕ್ಕಿಂತ ಗೋಡೆಗಳ ಗುರುತೇ ಹೆಚ್ಚು. ಮಕ್ಕಳ ಎತ್ತರ ಅಳೆದು ಎಳೆದ ಪೆನ್ಸಿಲ್ ಗೆರೆ ಒಂದು ವಯಸ್ಸಿಗೆ ನಿಂತುಹೋದ ಗೋಡೆ. ಪಟ ತೆಗೆದ ಮೇಲೂ ಉಳಿದ ಬಿಳಿ ಚೌಕ. ಒದ್ದೆಯ ಕಲೆ ವರ್ಷ ವರ್ಷ ಬೆಳೆದು ಆನೆಯಾದದ್ದು. "ಯಾರ ಹತ್ರ ಹೇಳೋದು ಇದನ್ನೆಲ್ಲ? ಅವರಿಗೆ ಅದು ಬರೀ ಗೋಡೆ."

ಇವರದು ಒಂದೇ ಕೋಣೆಯ ಮನೆ. ಒಂದು ಮಂಚ, ಒಂದು ಒಲೆ, ಕಿಟಕಿಯಲ್ಲಿ ಒಂದು ವೈಫೈ ಪೆಟ್ಟಿಗೆ. ಅದಕ್ಕೂ ಗಟ್ಟಿ ಬೀಗ ಹಾಕಿದ್ದಾರೆ. ಬಳಸುತ್ತಿರುವವರ ಪಟ್ಟಿ ತೆರೆದರೆ ಅಲ್ಲಿ ಇರುವುದು ಒಂದೇ ಹೆಸರು, ಇವರ ಫೋನಿನದು. ಬಂದುಹೋಗುವವರ ಜಗಲಿಯನ್ನೂ ಮಾಡಿಟ್ಟಿದ್ದಾರೆ. ಏನಾದರೂ ಆಸೆಯಿದೆಯೇ ಎಂದರೆ ಕಿಟಕಿಯ ಪೆಟ್ಟಿಗೆಯ ಕಡೆ ನೋಡಿ ಹೇಳುತ್ತಾರೆ: "ಯಾರಾದ್ರೂ ಮನೆಗೆ ಬಂದು, ಕೂತ್ಕೊಂಡು, ‘ನಿನ್ನ ಪಾಸ್‌ವರ್ಡ್ ಏನೇ?’ ಅಂತ ಕೇಳಬೇಕು. ಇವತ್ತಿನ ತನಕ ಯಾರೂ ಕೇಳಿಲ್ಲ."

ಚೀಲದ ಒಳಜೇಬಿನಲ್ಲಿ ತಂದೆಯ ಕೀಲಿಯ ಡಬ್ಬಿ ಇದೆ. ಅದರೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ. ಯಾರ ಪಾಸ್‌ವರ್ಡನ್ನೂ ಇಟ್ಟುಕೊಳ್ಳಬಾರದು ಎಂಬ ನೇಮಕ್ಕೆ ಅದೊಂದೇ ಲೋಪ. ಹನ್ನೆರಡು ವರ್ಷದ ಹಿಂದೆ ದರ್ಜಿಯೊಬ್ಬರ ಹೆಂಡತಿ ಕೊಟ್ಟದ್ದು. ಪಾಸ್‌ವರ್ಡ್ ಒತ್ತಿಯಾದ ಮೇಲೆ ಆಕೆ ಅದನ್ನು ಬರೆದು, ಮಡಚಿ, ಇವರ ಕೈಗಿಟ್ಟು ಪಿಸುಗುಟ್ಟಿದ್ದರು: "ನಿಮ್ಮಣ್ಣಂಗೆ ಏನೂ ನೆನಪಿರಲ್ಲ. ಆದ್ರೆ ನೆನಪಿಲ್ಲ ಅಂತ ಒಪ್ಕೊಳ್ಳೋ ಜಾತಿನೂ ಅಲ್ಲ. ಬಾಯಿಬಿಟ್ಟು ಕೇಳೋ ತನಕ ಕೊಡಬೇಡ."

ಆಕೆ ತೀರಿಕೊಂಡು ಎರಡು ವರ್ಷವಾಯಿತು. ದರ್ಜಿ ಕೇಳಲಿಲ್ಲ. ಅವರ ಫೋನನ್ನು ಆಕೆಯೇ ಎಂದೋ ವೈಫೈಗೆ ಜೋಡಿಸಿಕೊಟ್ಟಿದ್ದರಿಂದ ಕೇಳುವ ಪ್ರಮೇಯವೂ ಬರಲಿಲ್ಲ. ಆ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ಗೋಡೆಯಕ್ಕನ ಕೈ ಒಳಜೇಬನ್ನು ಮುಟ್ಟಿ ನೋಡಿ ಸುಮ್ಮನಾಗುತ್ತಿತ್ತು.

ಇವತ್ತಿನ ಎರಡನೇ ಮನೆ ಆ ದರ್ಜಿಯದೇ. ಎಂಟು ಗಂಟೆಯಾದರೂ ಮಂಜು ಕದಲಿಲ್ಲ. ಹೊಲಿಗೆ ಯಂತ್ರದ ಮೇಲೆ ಅರೆಹೊಲಿದ ಕೋಟೊಂದು ತೋಳಿಲ್ಲದೆ ಬಿದ್ದಿದೆ. ಹಳೆಯ ಫೋನು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕಿ ಸತ್ತಿತಂತೆ.

"ಕಾಲರು ಅಂತ ಅದರ ಮೇಲೇ ಎಳೆದುಬಿಟ್ಟೆ" ಎಂದು ದರ್ಜಿ ತಾವೇ ನಗುತ್ತಾರೆ. "ಹೊಸ ಫೋನು ನಮ್ಮ ವೈಫೈ ಪೆಟ್ಟಿಗೆ ಹತ್ರಾನೇ ಹೋಗಲ್ಲ ಅಂತಿದೆ. ಗಿರಾಕಿಗಳು ಡಿಸೈನು ಕಳಿಸೋದೆಲ್ಲ ಅದರಲ್ಲೇ. ನಾಲ್ಕು ದಿನದಿಂದ ಕೈಕಟ್ಟಿ ಕೂತಿದೀನಿ."

"ಬೀಗ ಹಳೇದಾಯ್ತಣ್ಣ. ಆಗ ನಿಮ್ಮನೆ ಕಂಪ್ಯೂಟರಿಗೆ ಗೊತ್ತಿದ್ದಿದ್ದು ಅದೊಂದೇ ಅಂತ ಹಾಕಿದ್ದು. ಪೆಟ್ಟಿಗೆ ಬದಲಾಯಿಸಿ ಹೊಸದು ಹಾಕೋಣ."

"ಬೀಗ ಹಾಕು. ಆದ್ರೆ ಅವಳು ಒತ್ತಿದ್ದನ್ನ ಅಳಿಸಬೇಡ. ಈ ಮನೇಲಿ ಅವಳು ಮಾಡಿಟ್ಟಿದ್ದರಲ್ಲಿ ಇನ್ನೂ ನಡೀತಿರೋದು ಅದೊಂದೇ."

ಗೋಡೆಯಕ್ಕ ಹಳೆಯ ಪೆಟ್ಟಿಗೆಯ ಧೂಳನ್ನು ಸೆರಗಿನಂತೆ ಎಳೆದ ಸ್ವೆಟರಿನ ತುದಿಯಿಂದ ಒರೆಸುತ್ತಾರೆ. "ಆ ಬೀಗಕ್ಕೆ ಐದೇ ಅಕ್ಷರ ಹಿಡಿಸ್ತಿತ್ತು. ಹೊಸದು ಎಂಟಕ್ಕಿಂತ ಕಮ್ಮಿ ಮುಟ್ಟಲ್ಲ. ಇನ್ನೂ ಉದ್ದ ಇದ್ರೆ ಒಳ್ಳೇದು. ಅತ್ತಿಗೆಯ ಮಾತು ಸಾಲಲ್ಲಣ್ಣ. ಬಟ್ಟೆ ಕಮ್ಮಿ ಬಿದ್ರೆ ನೀವು ತುಂಡು ಹಚ್ಚಲ್ವಾ? ಅದಕ್ಕೆ ನಿಮ್ಮದನ್ನ ಸೇರಿಸಬೇಕು."

"ಹಚ್ಚೋಣ. ಆದ್ರೆ ಮೂಲ ಬಟ್ಟೆ ಎಲ್ಲಿ?" ದರ್ಜಿ ಕತ್ತರಿಯನ್ನು ಎತ್ತಿ, ಅಲ್ಲೇ ಇಡುತ್ತಾರೆ. ಮತ್ತೆ ಎತ್ತುತ್ತಾರೆ. "ಅವಳು ಏನು ಒತ್ತಿದ್ದಳು ಅಂತ... ನೀನು ಪಕ್ಕದಲ್ಲೇ ಇದ್ದೆಯಲ್ಲ?"

"ನಾನು ಗೋಡೆ ನೋಡ್ತಿದ್ದೆ. ಕೇಳ್ತಿದೀರಾ ಅಣ್ಣ?"

"ಹೂಂ. ನಂಗೆ ಗೊತ್ತಿಲ್ಲ. ಕೇಳ್ತಿದೀನಿ."

ಡಬ್ಬಿ ತೆರೆಯುವ ಸದ್ದಾಗುತ್ತದೆ. ಚೀಟಿಯನ್ನು ಮೇಜಿನ ಮೇಲೆ ಕೋಟಿನ ಪಕ್ಕದಲ್ಲಿಟ್ಟು, ಯಾರು ಯಾವಾಗ ಕೊಟ್ಟದ್ದೆಂದು ಎರಡೇ ಮಾತಲ್ಲಿ ಹೇಳುತ್ತಾರೆ. ಹೊಸ ಪೆಟ್ಟಿಗೆ ಜೋಡಿಸಿ, ಗಟ್ಟಿ ಬೀಗದ ಹೆಸರನ್ನು ಆರಿಸಿ, ಪರದೆಯನ್ನು ದರ್ಜಿಯ ಕಡೆ ತಿರುಗಿಸಿ, ತಾವು ಗೋಡೆಯ ಕಡೆ ತಿರುಗುತ್ತಾರೆ. ಆ ಗೋಡೆಯಲ್ಲಿ ಅಳತೆಯ ಟೇಪು ತೂಗುವ ಮೊಳೆಯಿದೆ. ಅದರ ಪಕ್ಕದಲ್ಲಿ ಇನ್ನೊಂದು ಮೊಳೆ, ಖಾಲಿ.

ಕಾಗದ ಬಿಚ್ಚುವ ಸದ್ದು. ಆಮೇಲೆ ಮೂಗು ಒರೆಸಿಕೊಳ್ಳುವ ಸದ್ದು, "ಎಲಾ ಇವಳ" ಎಂಬ ಸಣ್ಣ ನಗು. ಗುಂಡಿ ಒತ್ತುವ ಸದ್ದು ಕಿವಿಗೆ ಬೀಳುತ್ತದೆ: ಒಂದು, ಎರಡು, ಮೂರು, ನಾಲ್ಕು, ಐದು. ನಿಲ್ಲುತ್ತದೆ. ಹೊರಗೆ ಯಾರದ್ದೋ ಸೈಕಲ್ಲು ಮಂಜಿನಲ್ಲಿ ಗಂಟೆ ಬಾರಿಸಿಕೊಂಡು ಹೋಗುತ್ತದೆ. ಮತ್ತೆ ಶುರುವಾಗುತ್ತದೆ, ನಿಧಾನವಾಗಿ, ಒಂದೊಂದೇ. ಎಂಟು ದಾಟುತ್ತದೆ. ಹನ್ನೆರಡು ದಾಟುತ್ತದೆ. ಹತ್ತೊಂಬತ್ತಕ್ಕೆ ಗೋಡೆಯಕ್ಕ ಎಣಿಸುವುದನ್ನು ಬಿಡುತ್ತಾರೆ. ಅದು ತಮ್ಮ ಲೆಕ್ಕವಲ್ಲ ಎಂದು ಅನ್ನಿಸುತ್ತದೆ.

"ಆಯ್ತು ತಂಗಿ."

ಹೊಸ ಫೋನಿನಲ್ಲಿ ನಾಲ್ಕು ದಿನದ ಚಿತ್ರಗಳು ಒಂದರ ಹಿಂದೊಂದು ಬಂದು ಬೀಳುತ್ತಿವೆ. ದರ್ಜಿ ಅದನ್ನು ನೋಡುತ್ತಿಲ್ಲ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದ ಚೀಟಿಯಲ್ಲೇ, ಆಕೆಯ ಅಕ್ಷರದ ಕೆಳಗೆ, ತಮ್ಮದನ್ನೂ ಬರೆದಿದ್ದಾರೆ. ಮೊದಲಿನ ಮಡಿಕೆಗಳಲ್ಲೇ ಮಡಚಿ ಅದನ್ನು ಚಾಚುತ್ತಾರೆ. "ನಾನು ಮತ್ತೆ ಮರೀತೀನಿ. ಇಷ್ಟು ವರ್ಷ ಇಟ್ಕೊಂಡಿದ್ದೀಯ. ನೀನೇ ಇಟ್ಕೊ."

ಗೋಡೆಯಕ್ಕ ಚೀಟಿಯನ್ನು ತೆಗೆದುಕೊಳ್ಳುತ್ತಾರೆ. ಒಂದು ಗಳಿಗೆ ಅದು ಅವರ ಕೈಯಲ್ಲಿರುತ್ತದೆ.

"ಅತ್ತಿಗೆ ನಂಗೆ ಕೊಟ್ಟಿದ್ದು ಇಟ್ಕೊಳ್ಳೋಕಲ್ಲ ಅಣ್ಣ" ಎನ್ನುತ್ತಾ, ಸೂಜಿ ಚುಚ್ಚಿ ಚುಚ್ಚಿ ಒರಟಾದ ದರ್ಜಿಯ ಅಂಗೈಯನ್ನು ಬಿಡಿಸಿ, ಚೀಟಿಯನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾರೆ.